ಗ್ರಂಥದ ಹೊದಿಕೆ ಮತ್ತು ಚಿತ್ರಕಾರ

ಓಲೆಗರಿಯ ಕಟ್ಟಿಗೆ ಎರಡು ಕಡೆಯೂ ಮರದ ಹಲಗೆಯಿಟ್ಟು, ದಾರದಿಂದ ಬಿಗಿದು, ವಸ್ತ್ರದಲ್ಲಿ ಸುತ್ತಿಡುವುದು ನಮ್ಮ ಹಿರಿಯರ ವಾಡಿಕೆ. ಗ್ರಂಥರಕ್ಷಣೆಯೇ ಅದರ ಉದ್ದೇಶ. ಮುದ್ರಿತ ಪುಸ್ತಕದ ರಟ್ಟಿನ ಮೇಲೆ ಹೊದಿಸುವ ಕಾಗದವೂ ಮೊದಲು ಧೂಳನ್ನು ತಡೆಯುವುದಕ್ಕಾಗಿಯೇ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಂಡವರು ಅದನ್ನು ತೆಗೆದೆಸೆಯುತ್ತಿದ್ದರು. ಚಿತ್ರಕಾರರ ಕೈ ಸೋಕಿದ ಮೇಲೆ ಅದೇ ಕಾಗದ ಕೃತಿಗೆ ಮುನ್ನುಡಿಯಾಯಿತು.

ಇದಕ್ಕೆ ಪ್ರಸಿದ್ಧ ನಿದರ್ಶನ, 1925ರಲ್ಲಿ ನ್ಯೂಯಾರ್ಕಿನಿಂದ ಹೊರಬಂದ ಫಿಟ್ಸ್‌ಜೆರಾಲ್ಡರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ. ಕಡುನೀಲಿ ಆಗಸದಲ್ಲಿ ತೇಲುವ ಹೆಣ್ಣಿನ ಕಣ್ಣುಗಳು, ಕೆಳಗೆ ನಗರದ ದೀಪಗಳು: ಇಷ್ಟೇ ಫ್ರಾನ್ಸಿಸ್ ಕುಗಾಟ್ ಬರೆದ ಚಿತ್ರ. ಕಾದಂಬರಿ ಮುಗಿಯುವ ಮುನ್ನವೇ ಸಿದ್ಧವಾಗಿದ್ದ ಆ ಚಿತ್ರವನ್ನು ತಾವು ಕಥೆಯೊಳಗೇ ಬರೆದುಕೊಂಡಿರುವುದಾಗಿಯೂ, ಅದನ್ನು ಬೇರೆ ಪುಸ್ತಕಕ್ಕೆ ಕೊಡಬಾರದೆಂದೂ ಲೇಖಕರು ಸಂಪಾದಕರಿಗೆ ಪತ್ರ ಬರೆದರು. ಇಲ್ಲಿ ಚಿತ್ರವೇ ಕೃತಿಗೆ ಪ್ರೇರಣೆಯಾಯಿತು.

ನಮ್ಮ ದೇಶದಲ್ಲಿ ಈ ಕಲೆಗೆ ಘನತೆ ತಂದವರಲ್ಲಿ ಸತ್ಯಜಿತ್ ರಾಯರು ಅಗ್ರಗಣ್ಯರು. ಶಾಂತಿನಿಕೇತನದಲ್ಲಿ ನಂದಲಾಲ ಬಸು ಅವರ ಬಳಿ ಕಲಿತ ರಾಯರು, 1943ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸಿಗ್ನೆಟ್ ಪ್ರೆಸ್ಸಿಗೆ ಅನೇಕ ಹೊದಿಕೆಗಳನ್ನು ರಚಿಸಿದರು. 1946ರಲ್ಲಿ ಅಲ್ಲಿಂದ ಪ್ರಕಟವಾದ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ದ ಪ್ರಥಮಾವೃತ್ತಿಯ ಹೊದಿಕೆಯೂ ಅವರದೇ. ಜಿಮ್ ಕಾರ್ಬೆಟ್ಟರ ‘ಕುಮಾವೂನಿನ ನರಭಕ್ಷಕ’ಗಳ ಬಂಗಾಳಿ ಅನುವಾದಕ್ಕೆ ಅವರು ಹೂಡಿದ ಉಪಾಯ ಅನುಪಮವಾದುದು. ಪುಸ್ತಕವೆಲ್ಲ ಹುಲಿಯ ಪಟ್ಟೆದೊಗಲು. ಮುಂದೆ ಗುಂಡು ಹೊಕ್ಕ ರಂಧ್ರ, ಹಿಂದೆ ಅದು ಸೀಳಿ ಹೊರಟ ದೊಡ್ಡ ರಂಧ್ರ. ಬೇಟೆಗಾರನಿಲ್ಲ, ಬಂದೂಕವಿಲ್ಲ, ಆದರೂ ಬೇಟೆ ಕಣ್ಣಿಗೆ ಕಟ್ಟುತ್ತದೆ. ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗ ಮೂಡಿದ ಕಲ್ಪನೆಯೇ 1955ರ ಚಲನಚಿತ್ರವಾಗಿ ಲೋಕವಿಖ್ಯಾತವಾಯಿತು.

ನಮ್ಮ ಆಲಂಕಾರಿಕರು ವಾಚ್ಯಕ್ಕಿಂತ ಧ್ವನಿಯನ್ನು ಮೇಲೆಂದರು. ಕಥೆಯ ಒಂದು ಸನ್ನಿವೇಶವನ್ನು ಇದ್ದಂತೆ ಬರೆದಿಟ್ಟರೆ ಅದು ವಾಚ್ಯ. ಕೃತಿಯ ಒಳಗನ್ನು ಸೂಚಿಸಿ ಸುಮ್ಮನಾದರೆ ಅದು ಧ್ವನಿ. ಉತ್ತಮ ಹೊದಿಕೆಯ ಲಕ್ಷಣವೂ ಇದೇ.

ಗ್ರಂಥಾಲಯಗಳಲ್ಲಿ ರಟ್ಟು ಕಟ್ಟಿಸುವಾಗ ಮೊದಲು ಕಳಚಿ ಬೀಳುವುದು ಈ ಹೊದಿಕೆಯೇ. ಎಷ್ಟೋ ಪುಸ್ತಕಗಳಲ್ಲಿ ಚಿತ್ರಕಾರನ ಹೆಸರು ಅದರ ಮಡಿಕೆಯಲ್ಲಿ ಮಾತ್ರ ಇರುತ್ತದೆ. ಕಾಗದ ಹೋದರೆ ಹೆಸರೂ ಹೋಯಿತು. ಆದುದರಿಂದ ಅದನ್ನು ಪುಸ್ತಕದೊಡನೆ ಕಾಪಿಟ್ಟು, ಕಲಾವಿದನ ಹೆಸರನ್ನು ದಾಖಲೆಯ ವಹಿಯಲ್ಲಿ ಬರೆದಿಡುವುದು ವಿದ್ಯಾಲಯಗಳ ಕರ್ತವ್ಯ. ಗ್ರಂಥವನ್ನು ಗೌರವಿಸುವವರು ಅದರ ಉಡುಗೆಯನ್ನು ನೇಯ್ದ ಕೈಯನ್ನೂ ಮರೆಯಲಾಗದು.