ಬಾಯಿಮಾತಿನ ಬಾಡಿಗೆ

ಮಗಾ, ಚಾಮರಾಜನಗರದಲ್ಲಿ ರೂಮು ಹಿಡಿದೆಯಂತೆ. ಅಡ್ವಾನ್ಸ್ ಕೊಟ್ಟು ಬೀಗದ ಕೈ ಇಸ್ಕೊಂಡು ಬಂದೆಯಂತೆ, ಪತ್ರಗಿತ್ರ ಏನೂ ಇಲ್ಲವಂತೆ. ಇತ್ತ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ನಿಮ್ಮ ಎರಡು ಅಂಗಡಿಗೂ ಪತ್ರವಿಲ್ಲ. ಅಲ್ಲಿ ನೀನು ಬಾಡಿಗೆದಾರ, ಇಲ್ಲಿ ಮಾಲೀಕ. ಅಲ್ಲಿ ಕೇಳುವ ನ್ಯಾಯವನ್ನೇ ಇಲ್ಲಿ ಕೊಡು, ನಾನು ಹೇಳಬೇಕೆಂದಿರುವುದು ಇಷ್ಟೇ.

ಪತ್ರ ಇಲ್ಲ ಅಂದರೆ ಕಾನೂನೂ ಇಲ್ಲ ಅಂದುಕೊಂಡವರು ನಮ್ಮ ಕಡೆ ಬಹಳ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹಾಗೆ ಹೇಳುವುದಿಲ್ಲ. ಒಂದು ವರ್ಷ ಮೀರದ ಬಾಡಿಗೆಗೆ ಬಾಯಿಮಾತು ಸಾಕು, ಜಾಗ ವಶಕ್ಕೆ ಕೊಟ್ಟಿರಬೇಕು ಅಷ್ಟೆ. ಬೇರೆ ಕರಾರಿಲ್ಲದ ಮನೆ, ಅಂಗಡಿ ತಿಂಗಳ ಬಾಡಿಗೆ ಲೆಕ್ಕಕ್ಕೆ ಬರುತ್ತವೆ. ಬಿಡಿಸುವವನಾಗಲಿ ಬಿಡುವವನಾಗಲಿ 15 ದಿನ ಮುಂಚೆ ಬರೆದು, ಸಹಿ ಹಾಕಿ ನೋಟೀಸ್ ಕೊಡಬೇಕು. ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಹನ್ನೊಂದು ತಿಂಗಳ ಅಗ್ರಿಮೆಂಟಿನ ಚಾಳಿ ಹುಟ್ಟಿದ್ದೇ ಅದನ್ನು ತಪ್ಪಿಸಿಕೊಳ್ಳಲು. ಕೇರಳದವರೊಬ್ಬರು ಐದು ವರ್ಷಕ್ಕೆ ಪತ್ರ ಬರೆದು ನೋಂದಾಯಿಸದೆ ಬಿಟ್ಟಿದ್ದರು. ಆಂಟನಿ ವಿರುದ್ಧ ಇಟ್ಟೂಪ್ ಎಂಬ ಆ ಮೊಕದ್ದಮೆಯಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇಳು: ಐದು ವರ್ಷದ ಮಾತು ನಿಲ್ಲುವುದಿಲ್ಲ, ಆದರೆ ವಶ ಕೊಟ್ಟು ಬಾಡಿಗೆ ಪಡೆದ ಮೇಲೆ ಅವನು ಬಾಡಿಗೆದಾರನಲ್ಲ ಎನ್ನುವಂತಿಲ್ಲ.

ಕಷ್ಟ ಬರುವುದು ರುಜುವಾತಿನಲ್ಲಿ. ಕೈಗೆ ದುಡ್ಡು ಕೊಟ್ಟು ಬಂದರೆ ನಾಳೆ ಎಷ್ಟು, ಯಾವ ತಿಂಗಳದ್ದು ಎಂಬುದಕ್ಕೆ ಗೋಡೆಯೇ ಸಾಕ್ಷಿ ಹೇಳಬೇಕು. ಫೋನ್‌ಪೇಯಲ್ಲಿ ಹಾಕುವಾಗ ಯಾವ ತಿಂಗಳ ಬಾಡಿಗೆ ಎಂದು ಬರೆದು ಹಾಕು. ಅಡ್ವಾನ್ಸಿಗೆ ಒಂದು ಚೀಟಿಯನ್ನಾದರೂ ಬರೆಸಿಕೋ. ಹೊಕ್ಕ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೋ ತೆಗೆದು ಮಾಲೀಕರಿಗೂ ಕಳಿಸು. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆ ಹಿಡಿದುಕೊಳ್ಳುವ ರೂಢಿ ಇದೆಯಲ್ಲ, ಅದನ್ನು ಈಗಲೇ ಕೇಳಿ ತಿಳಿದುಕೋ. ಬಳಸಿ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಅಂಗಡಿಯವರಿಗೂ ತಿಂಗಳು ತಿಂಗಳು ರಸೀದಿ ಕೊಡು, ಅವರು ಕೇಳದಿದ್ದರೂ ಕೊಡು. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರೇ ವರ್ಷ ಅವಧಿ ಇರುವುದರಿಂದ ಲೆಕ್ಕ ನಿನಗೂ ಬೇಕು.

ಇನ್ನು ಭೋಗ್ಯಕ್ಕೆ ಹಾಕಿಕೋ ಎಂದು ಯಾರಾದರೂ ಹೇಳಿದರೆ ಬಾಯಿಮಾತನ್ನು ನಂಬಲೇಬೇಡ. ಲಕ್ಷಗಟ್ಟಲೆ ಒಟ್ಟಿಗೆ ಕೊಡುವ ವ್ಯವಹಾರ ಅದು. ಮೊದಲು ಋಣಭಾರ ಪತ್ರ ತೆಗೆಸಿ ನೋಡು, ಆಮೇಲೆ ನೋಂದಣಿ ಮಾಡಿಸು.

ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರನಿಗೇ ಮನೆ ಆಗಿಬಿಡುತ್ತದೆ ಎಂದು ನಿಮ್ಮಪ್ಪ ಹೆದರುತ್ತಾನೆ. ಒಪ್ಪಿಗೆಯಿಂದ ಒಳಗೆ ಬಂದು ಬಾಡಿಗೆ ಕಟ್ಟುವವನಿಗೆ ಆ ಹಕ್ಕು ಹುಟ್ಟುವುದಿಲ್ಲ, ಬಾಡಿಗೆದಾರನಾಗಿದ್ದಷ್ಟು ದಿನ ಮಾಲೀಕನ ಒಡೆತನವನ್ನು ಅವನು ಅಲ್ಲಗಳೆಯುವಂತೆಯೂ ಇಲ್ಲ. ಈ ಹೆದರಿಕೆಯಲ್ಲೇ ಜನ ಕರೆಂಟು ಕೀಳುವುದು, ಬೀಗದ ಮೇಲೆ ಬೀಗ ಜಡಿಯುವುದು. ಅದು ಮಾತ್ರ ಕೂಡದು. ಕಾನೂನು ಮೀರಿ ಹೊರಗೆ ಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ ವಶ ವಾಪಸ್ ಪಡೆಯಬಹುದು, ಒಡೆತನ ಯಾರದೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಿನಗೇ ಹಾಗಾದರೆ ಜಗಳಕ್ಕೆ ನಿಲ್ಲಬೇಡ, ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ಫೀಸಿಲ್ಲ.

ಮನೆ, ಅಂಗಡಿಯ ಮಾತು ಇಷ್ಟು. ಹೊಲದ ಮಾತೇ ಬೇರೆ, ನನಗೆ ದಿಗಿಲು ಇರುವುದೂ ಅಲ್ಲೇ. ವಯನಾಡಿನಿಂದ ಶುಂಠಿ ಬೆಳೆಗಾರರು ಬರುತ್ತಾರೆ, ಎಕರೆಗೆ ಇಷ್ಟು ಎಂದು ಮಾತಾಡಿ ಮುಂಗಡ ಎಣಿಸುತ್ತಾರೆ. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ರದ್ದಾಯಿತು. ಸೈನಿಕರು, ನಾವಿಕರನ್ನು ಬಿಟ್ಟರೆ ಬೇರೆಯವರು ಸಾಗುವಳಿ ಜಮೀನನ್ನು ಗುತ್ತಿಗೆಗೆ ಕೊಡುವಂತಿಲ್ಲ. ಅಂದು ನಮೂನೆ 7 ತುಂಬಿ ಒಕ್ಕಲು ಜಮೀನು ಪಡೆದ ನೆನಪು ಇಂದಿಗೂ ಇರುವುದರಿಂದ ಯಾರೂ ಕಾಗದಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ಮಾತು ಮುರಿದರೆ ಇಬ್ಬರಿಗೂ ಹೋಗಲು ಬಾಗಿಲಿಲ್ಲ. ಬೋರ್‌ವೆಲ್ ಬತ್ತಿದರೆ, ಕೊಳೆರೋಗ ಮಣ್ಣಿನಲ್ಲೇ ಉಳಿದರೆ ಯಾರನ್ನು ಕೇಳುತ್ತೀಯ?

ನನ್ನ ಕೇಳಿದರೆ ಹೊಲ ಕೊಡಬೇಡ ಅನ್ನುತ್ತೇನೆ. ನಿಮ್ಮಪ್ಪ ಈ ವರ್ಷಕ್ಕೆ ಆಗಲೇ ಕೊಟ್ಟುಬಿಟ್ಟಿದ್ದಾನೆ. ಬಂಡೀಪುರದ ಅಂಚಿನ ಹೊಲ ಅದು, ಆನೆ ಇಳಿದೇ ಇಳಿಯುತ್ತದೆ. ಬೆಳೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ, ಅಂದರೆ ನಿಮ್ಮಪ್ಪನ ಖಾತೆಗೆ. ನಷ್ಟವಾದದ್ದು ಬಿತ್ತಿದವನಿಗೆ. ಆ ದುಡ್ಡು ಬಂದರೆ ಅವನಿಗೆ ಮುಟ್ಟಿಸು, ನಿಮ್ಮಪ್ಪ ಗೊಣಗಿದರೆ ನನ್ನ ಹೆಸರು ಹೇಳು.