ಮಳೆಗೆ ಮೊದಲು ಮೋರಿ ನೋಡಿ

ಮಕ್ಕಳೇ, ನಾನು ಮೈಸೂರಿನ ಚಾಮರಾಜಪುರಂನಲ್ಲೇ ಹುಟ್ಟಿ ಬೆಳೆದವನು, ಎಪ್ಪತ್ತು ದಾಟಿದೆ. ಹೋದ ಮಳೆಗಾಲದ ಒಂದು ಸಂಜೆ ಅರ್ಧ ಗಂಟೆಯ ಮಳೆಗೇ ನಮ್ಮ ಬೀದಿಯ ಮೋರಿ ಉಕ್ಕಿ, ನೀರು ಹೊಸ್ತಿಲು ಮುಟ್ಟಿತು. ಕೋಲು ಹಾಕಿ ಕೆದಕಿದೆ. ಎಳನೀರು ಬುರುಡೆ, ಹಾಲಿನ ಕವರುಗಳು, ಯಾರದೋ ಮನೆ ರಿಪೇರಿಯ ಟೈಲ್ಸ್ ಚೂರು ಮೇಲೆ ಬಂದವು. ಅವನ್ನು ಎಳೆದು ಹಾಕಿದ್ದೇ ತಡ, ನೀರು ಗುಳುಗುಳು ಎಂದು ಇಳಿದುಹೋಯಿತು.

ಈ ಊರಿನ ಹಿರಿಯರು ಪೆಟ್ಟು ತಿಂದು ಬುದ್ಧಿ ಕಲಿತವರು. 1898ರ ಸುಮಾರಿಗೆ ಸಂಸ್ಥಾನಕ್ಕೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಊರನ್ನು ಸುಧಾರಿಸಲು 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅಗಲದ ರಸ್ತೆ, ಚರಂಡಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಆ ಕಾಲದ ದೂರದೃಷ್ಟಿ. ಇಂದು ಆ ಗಲ್ಲಿಗಳಲ್ಲಿ ಒಬ್ಬರು ಶೆಡ್ ಹಾಕಿದ್ದಾರೆ, ಇನ್ನೊಬ್ಬರು ಜಲ್ಲಿ ಸುರಿದಿದ್ದಾರೆ. ನೀರು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಸರ್ಕಾರ ಕೈಕಟ್ಟಿ ಕೂತಿದೆ ಎಂದು ನಾನು ಹೇಳುವುದಿಲ್ಲ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ಆರಂಭವಾದ ಘಟಕವೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಸಿಡಿಲಿನ ಮುನ್ಸೂಚನೆಗೆ ‘ಸಿಡಿಲು’ ಎಂಬ ಆ್ಯಪ್ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ರಾಜ್ಯಕ್ಕೂ ಪ್ರತಿ ಜಿಲ್ಲೆಗೂ ಯೋಜನೆ ಇರಲೇಬೇಕು. ಆದರೆ ಬೆಂಗಳೂರಿನಲ್ಲಿರುವ ಆ ಕೇಂದ್ರದ ಪರದೆಯ ಮೇಲೆ ಮಳೆ ಕಾಣುತ್ತದೆ, ನಮ್ಮ ಮೋರಿಯೊಳಗಿನ ಬುರುಡೆ ಕಾಣುವುದಿಲ್ಲ. ಅದು ಕಾಣಬೇಕಾದದ್ದು ನಿಮ್ಮ ಕಣ್ಣಿಗೆ.

ಮಳೆ ಮಿತಿ ಮೀರಿದರೆ ಏನಾಗುತ್ತದೆಂದು ನೋಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಕಬಿನಿ ನದಿ ಉಕ್ಕಿ ನಂಜನಗೂಡಿನ ಹೆದ್ದಾರಿ ಮಲ್ಲನಮೂಲೆ ಮಠದ ಬಳಿ ಮುಳುಗಿತು, ಮರುವರ್ಷವೂ ಮುಳುಗಿತು. 2021ರ ಅಕ್ಟೋಬರ್‌ನಲ್ಲಿ ನಮ್ಮ ಚಾಮುಂಡಿ ಬೆಟ್ಟದ ನಂದಿ ರಸ್ತೆಯೇ ಕುಸಿಯಿತು. ಬೆಟ್ಟ ನಮ್ಮನ್ನು ಕಾಯುತ್ತದೆ ಎಂದು ನಂಬಿದ ನನಗೆ ಅಂದು ಎದೆ ಝಲ್ಲೆಂದಿತು.

ಇಂಥ ಹೊತ್ತಿನಲ್ಲಿ ಬ್ಯಾರಿಕೇಡ್ ಸರಿಸಿ ನೀರಿಗೆ ಬೈಕ್ ಇಳಿಸುವ ಹುಡುಗರನ್ನು ಕಂಡರೆ ಭಯವಾಗುತ್ತದೆ. ಮೊಣಕಾಲುದ್ದದ ನೀರೇ ಎನ್ನಬೇಡಿ, ಅದರ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಯಾರಿಗೆ ಗೊತ್ತು? ಹೆತ್ತವರು ಬಾಗಿಲಲ್ಲಿ ಕಾಯುತ್ತಿರುತ್ತಾರಪ್ಪ. ಫೋನಿಗೆ ಎಚ್ಚರಿಕೆ ಬಂದರೆ ಒರೆಸಿ ಹಾಕಬೇಡಿ, ಓದಿ, ಪಕ್ಕದ ಮನೆಯ ಅಜ್ಜಿಗೂ ಹೇಳಿ. ಜಿಲ್ಲಾ ಸಹಾಯವಾಣಿ 1077 ನಿಮ್ಮ ಫೋನಿನಲ್ಲಿರಲಿ. ಗುಡುಗುವಾಗ ಮರದಡಿ ನಿಲ್ಲಬೇಡಿ. ಮುಂದೆ ನೀವು ಮನೆ ಕಟ್ಟುವಾಗ ಅಂಗಳವನ್ನೆಲ್ಲ ಕಾಂಕ್ರೀಟಿನಲ್ಲಿ ಮುಚ್ಚದೆ ಒಂದಿಷ್ಟು ಮಣ್ಣು ಬಿಡಿ, ನೀರು ಇಂಗಲಿ.

ನಾನು ಚಿಕ್ಕವನಿದ್ದಾಗ ಮುಂಗಾರಿಗೆ ಮೊದಲು ಬೀದಿಯವರೆಲ್ಲ ಸೇರಿ ಮೋರಿ ಬಳಿಯುತ್ತಿದ್ದರು. ಗುದ್ದಲಿ ಹಿಡಿಯಲು ಯಾರೂ ನಾಚುತ್ತಿರಲಿಲ್ಲ. ಈ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಏಳಕ್ಕೆ ನೀವೂ ಬನ್ನಿ. ಕಸ ತುಂಬಿದ ಕಡೆಗಳ ಫೋಟೊ ತೆಗೆದು ಪಾಲಿಕೆಗೆ ಕಳಿಸೋಣ. ಚಪ್ಪಡಿ ಎತ್ತಲು ನನ್ನ ಬಳಿ ಹಾರೆ ಇದೆ, ಎತ್ತುವ ತೋಳು ನಿಮ್ಮದಾಗಬೇಕು.