ಬೇಡ ಎನ್ನಲು ಅಜ್ಜಿಗೆ ದಾರಿ ಇರಲಿ

ಪ್ರಶ್ನೆ: ನಾನು ಧನಗೆರೆಯವಳು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಒಡೆಯರಪಾಳ್ಯದ ಟಿಬೆಟನ್ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಕಿರುಪ್ರಬಂಧಕ್ಕಾಗಿ ತನ್ನ ಕ್ಯಾಂಪಿನ ಹಿರಿಯರು ಟಿಬೆಟ್ ಬಿಟ್ಟು ಬಂದ ನೆನಪುಗಳನ್ನು ಸಂಗ್ರಹಿಸುತ್ತಿದ್ದಾಳೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವಳ ಸ್ವಂತ ಅಜ್ಜಿಯೇ ಹೆದರುತ್ತಾರೆ. “ನಮ್ಮೋರೇ ಅಲ್ವಾ ಮೇಡಂ, ಸಹಿ ಯಾಕೆ?” ಅನ್ನುತ್ತಾಳೆ ಹುಡುಗಿ. ಅದಲ್ಲದೆ ಮೊದಲ ಅಧ್ಯಾಯದಲ್ಲಿ ಬೇರೆಯವರ ಬರಹವನ್ನು ಹೋಲುವ ಭಾಗ ಶೇ 30 ದಾಟಿದೆ. ಕಷ್ಟದಲ್ಲಿ ಓದುತ್ತಿರುವ ಹುಡುಗಿ. ನೋಡಿಯೂ ನೋಡದಂತೆ ಇದ್ದುಬಿಡಲೇ?

ಉತ್ತರ: ಬೇಡ. ಕನಿಕರದಿಂದ ನಿಯಮ ಸಡಿಲಿಸಿದರೆ, ನಾಳೆ ಪಿಎಚ್‌.ಡಿ.ಗೆ ಹೋದಾಗ ಪೆಟ್ಟು ತಿನ್ನುವವಳು ಅವಳೇ. ನಿಯಮದ ಉದ್ದೇಶವನ್ನು ಕೂತು ಕಲಿಸಿ. ನೀವು ಮಾಡಬಹುದಾದ ದೊಡ್ಡ ಸಹಾಯ ಅದು.

ಮೊದಲು ಅಜ್ಜಿಯ ಹೆದರಿಕೆಯನ್ನು ಗೌರವಿಸಿ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1970ರ ದಶಕದಿಂದ ಒಡೆಯರಪಾಳ್ಯದಲ್ಲಿ ಮುಸುಕಿನ ಜೋಳ ಬೆಳೆದು ಬದುಕುತ್ತಿರುವವರೂ ಬಹುತೇಕ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆಯೇ ಇಲ್ಲಿದ್ದಾರೆ. ಅಂಥವರಿಗೆ ಸಹಿ ಎಂದರೆ ಸರ್ಕಾರಿ ಕಚೇರಿ. ಆದ್ದರಿಂದ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ, ಅವರ ಭಾಷೆಯಲ್ಲೇ ಕೇಳಿ, ಧ್ವನಿಮುದ್ರಿಸಿಕೊಳ್ಳಲಿ. ಇದಕ್ಕೆ ನಿಮ್ಮ ವಿಭಾಗದಿಂದ ಅಥವಾ ನೈತಿಕ ಸಮಿತಿಯಿಂದ ಮೊದಲೇ ಅನುಮತಿ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಆರೋಗ್ಯ ಸಂಶೋಧನೆಗೆಂದು ಬರೆದದ್ದು. ಆದರೂ ಅದು ನಿರಾಶ್ರಿತರನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿಟ್ಟಿದೆ, ಮೌಖಿಕ ಒಪ್ಪಿಗೆಗೂ ಅವಕಾಶ ಕೊಟ್ಟಿದೆ. ಸಮಿತಿಯ ಮುಂದೆ ನಿಮಗೆ ಅದು ಆಧಾರವಾದೀತು.

“ನಮ್ಮೋರೇ” ಎಂಬ ಮಾತಿನಲ್ಲೇ ಅಪಾಯವಿದೆ. ಊರಿನ ಮೊಮ್ಮಗಳು ಕೇಳಿದರೆ ಅಜ್ಜಿ ಇಲ್ಲ ಎನ್ನುವುದು ಹೇಗೆ? ಒಮ್ಮೆ ವಿಷಯ ತಿಳಿಸಿ, ಎರಡು ದಿನ ಬಿಟ್ಟು ಮತ್ತೆ ಕೇಳಲಿ. ತೀರಾ ಹತ್ತಿರದ ಸಂಬಂಧಿಕರನ್ನು ಬೇರೆ ಸಹಪಾಠಿ ಕೇಳಲಿ. ಕ್ಯಾಂಪಿನ ಅಧಿಕಾರಿ ಅನುಮತಿ ಕೊಟ್ಟರೆ ಅಲ್ಲಿ ಕೆಲಸ ಆರಂಭಿಸಬಹುದು ಅಷ್ಟೇ. ಪ್ರತಿಯೊಬ್ಬ ಹಿರಿಯರ ಒಪ್ಪಿಗೆ ಬೇರೆಯೇ. ಮಾತಿನ ಮಧ್ಯೆ ನಿಲ್ಲಿಸಬಹುದು, ಆಮೇಲೂ ಹಿಂತೆಗೆದುಕೊಳ್ಳಬಹುದು ಎಂದು ಅವರಿಗೆ ಸ್ಪಷ್ಟವಾಗಿ ಹೇಳಲಿ.

ಹೆಸರು ಬದಲಿಸಿದರೆ ಸಾಲದು. ಇಂಥ ಹಳ್ಳಿಯ, ಇಂಥ ವಯಸ್ಸಿನ, ಚಳಿಗಾಲದಲ್ಲಿ ಇಂಥ ಪೇಟೆಗೆ ಸ್ವೆಟರ್ ಮಾರಲು ಹೋಗುವವರು ಎಂದರೆ ಕ್ಯಾಂಪಿನಲ್ಲಿ ಎಲ್ಲರಿಗೂ ಗುರುತು ಸಿಗುತ್ತದೆ. ಟಿಬೆಟ್‌ನಲ್ಲಿ ಉಳಿದ ಬಂಧುಗಳ ಹೆಸರು, ಹುಟ್ಟೂರು, ಗಡಿ ದಾಟಿದ ದಾರಿ, ದಾಟಿಸಿದವರು, ಇವು ಪ್ರಬಂಧದಲ್ಲಿ ಬರಲೇಬಾರದು. ಧ್ವನಿಮುದ್ರಣವನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಬಾರದು. ಪಾಸ್‌ವರ್ಡ್ ಹಾಕಿ ಒಂದೇ ಕಡೆ ಇಟ್ಟು, ಯಾವಾಗ ಅಳಿಸುವುದೆಂದು ಮೊದಲೇ ನಿರ್ಧರಿಸಿ. ಹಳೆಯ ನೋವು ಉಕ್ಕಿ ಬಂದರೆ ಪ್ರಶ್ನೆಯನ್ನು ಅಲ್ಲಿಗೇ ಬಿಡಬೇಕು. ಅವಳೂ ಆ ಮನೆಯ ಮಗಳೇ. ಸಂದರ್ಶನ ಮುಗಿಸಿ ಬಂದ ದಿನ ಅವಳ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡಿ.

ಇನ್ನು ಆ ಶೇ 30. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರಿಂದ 40ರೊಳಗಿದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಕೊಡಲು ಅವಕಾಶವಿದೆ. ಇದು ಇನ್ನೂ ಕರಡು, ಹೆದರಿಸಬೇಡಿ. ಟಿಬೆಟನ್ ಆಡುವ, ಇಂಗ್ಲಿಷಿನಲ್ಲಿ ಓದುವ, ಸಂತೆಯಲ್ಲಿ ಕನ್ನಡ ಮಾತಾಡುವ ಹುಡುಗಿ, ಇಂಗ್ಲಿಷ್ ವಾಕ್ಯ ಕೂಡಿಬರದಾಗ ಪುಸ್ತಕದ್ದನ್ನೇ ಎತ್ತಿಟ್ಟಿರಬಹುದು. ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಅರ್ಥವಾದದ್ದನ್ನು ಬಾಯಲ್ಲಿ ಹೇಳಿಸಿ, ಅದನ್ನೇ ಬರೆಸಿ. ಯಾರಿಂದ ಪಡೆದದ್ದೆಂದು ಅಲ್ಲೇ ನಮೂದಿಸಲಿ.

ಕೊನೆಗೆ, ಬರೆದದ್ದನ್ನು ಸಲ್ಲಿಸುವ ಮೊದಲು ಹಿರಿಯರಿಗೆ ಓದಿ ಹೇಳಲಿ. ಬೇಡವೆಂದ ಸಾಲು ತೆಗೆಯಲಿ. ಅಂಕ ಅವಳಿಗೆ ಸಿಗುತ್ತದೆ, ಆದರೆ ನೆನಪು ಅವರದ್ದು. ಇದನ್ನು ಮನಗಂಡ ಹುಡುಗಿ ಮುಂದೆ ಎಲ್ಲಿ ಸಂಶೋಧನೆಗೆ ನಿಂತರೂ ಜನ ಅವಳನ್ನು ನಂಬಿ ಬಾಗಿಲು ತೆರೆಯುತ್ತಾರೆ.